ಮದ್ಯದ ನಂಟಿಲ್ಲದ ಫ್ಯಾಟಿ ಲಿವರ್: ಲಕ್ಷಣಗಳೂ ಅಪಾಯಕಾರಿ ಅಂಶಗಳೂ

ಯಕೃತ್ತಿನ ಜೀವಕೋಶಗಳ ಪೈಕಿ ಶೇ. 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿಗಳು ಸೇರಿಕೊಂಡಿದ್ದು, ಅದಕ್ಕೆ ಅತಿಯಾದ ಮದ್ಯಪಾನವಾಗಲಿ, ಟ್ಯಾಮಾಕ್ಸಿಫೆನ್, ಮೆಥೊಟ್ರೆಕ್ಸೇಟ್, ಅಮಿಯೊಡರೋನ್‌ನಂಥ ಔಷಧಗಳಾಗಲಿ, ವಿಲ್ಸನ್ ಕಾಯಿಲೆಯಂಥ ಆನುವಂಶಿಕ ದೋಷವಾಗಲಿ ಕಾರಣವಲ್ಲವೆಂದು ಖಚಿತವಾದಾಗ ಅದನ್ನು ಮದ್ಯೇತರ ಫ್ಯಾಟಿ ಲಿವರ್ ಎನ್ನುವುದು ವಾಡಿಕೆ. ಮದ್ಯಕ್ಕೆ ಹಾಕಿರುವ ಗಡಿ ಪುರುಷರಿಗೆ ದಿನಕ್ಕೆ 30 ಗ್ರಾಂ, ಮಹಿಳೆಯರಿಗೆ 20 ಗ್ರಾಂ ಶುದ್ಧ ಆಲ್ಕೋಹಾಲ್.

2023ರಲ್ಲಿ ಅಂತರರಾಷ್ಟ್ರೀಯ ಯಕೃತ್ ತಜ್ಞರ ಸಂಘಗಳು ಹೆಸರನ್ನೂ ವ್ಯಾಖ್ಯೆಯನ್ನೂ ಬದಲಿಸಿದವು; ಈಗ ಪುಸ್ತಕಗಳಲ್ಲಿ ಎಂಎಎಸ್‌ಎಲ್‌ಡಿ (ಚಯಾಪಚಯ ದೋಷದ ಜೊತೆಗಿನ ಫ್ಯಾಟಿ ಲಿವರ್) ಎಂದು ಕಾಣುವುದು ಇದೇ ಕಾಯಿಲೆ. ಹೊಸ ವ್ಯಾಖ್ಯೆಯ ಪ್ರಕಾರ ಮದ್ಯವನ್ನು ಹೊರಗಿಟ್ಟರೆ ಸಾಲದು, ಚಯಾಪಚಯದ ಐದು ದೋಷಗಳಲ್ಲಿ ಒಂದಾದರೂ ಇರಬೇಕು: ಹೆಚ್ಚಿದ ತೂಕ ಅಥವಾ ಸೊಂಟದ ಸುತ್ತಳತೆ, ಉಪವಾಸದ ಸಕ್ಕರೆ 100 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಮಧುಮೇಹ, ರಕ್ತದೊತ್ತಡ 130/85 ಅಥವಾ ಮೇಲೆ, ಟ್ರೈಗ್ಲಿಸರೈಡ್ 150 ಅಥವಾ ಮೇಲೆ, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಪುರುಷರಲ್ಲಿ 40, ಮಹಿಳೆಯರಲ್ಲಿ 50 ಅಥವಾ ಅದಕ್ಕಿಂತ ಕಡಿಮೆ. ಮೊದಲನೆಯ ಅಂಶಕ್ಕೆ ನಮ್ಮ ಜನರಲ್ಲಿ ಬಳಸಬೇಕಾದ ಅಳತೆ ಬೇರೆ: ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 25 ಅಲ್ಲ, 23, ಸೊಂಟದ ಸುತ್ತಳತೆ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80.

ಕೊಬ್ಬು ಯಕೃತ್ತಿಗೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ "ಎಣ್ಣೆ ತಿಂಡಿಯಿಂದ" ಎಂದು ಉತ್ತರಿಸುವವರೇ ಹೆಚ್ಚು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳ ಯಕೃತ್ತಿನ ಕೊಬ್ಬಿನ ಮೂಲವನ್ನು ಹುಡುಕಿದಾಗ ಸುಮಾರು ಶೇ. 59 ಭಾಗ ದೇಹದ ಕೊಬ್ಬಿನ ಅಂಗಾಂಶದಿಂದ ಕರಗಿ ಬಂದದ್ದು, ಶೇ. 26 ಭಾಗ ಯಕೃತ್ತು ತಾನೇ ಸಕ್ಕರೆ-ಪಿಷ್ಟಗಳಿಂದ ತಯಾರಿಸಿಕೊಂಡದ್ದು, ಆಹಾರದ ಕೊಬ್ಬಿನಿಂದ ನೇರವಾಗಿ ಬಂದದ್ದು ಶೇ. 15 ಮಾತ್ರ ಎಂದು ತಿಳಿಯಿತು. ಮೊದಲ ಎರಡು ಅಂಕಿಗಳ ಹಿಂದೆ ಇನ್ಸುಲಿನ್ ಪ್ರತಿರೋಧವಿದೆ, ಅಂದರೆ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ ಸ್ಥಿತಿ. ಸಹಜ ಸ್ಥಿತಿಯಲ್ಲಿ ಊಟದ ನಂತರ ಏರುವ ಇನ್ಸುಲಿನ್ ಕೊಬ್ಬಿನ ಅಂಗಾಂಶ ಕರಗದಂತೆ ತಡೆಯುತ್ತದೆ; ಪ್ರತಿರೋಧ ಬಂದಾಗ ಆ ತಡೆ ಸಡಿಲಗೊಂಡು ಕೊಬ್ಬಿನಾಮ್ಲಗಳು ಯಕೃತ್ತಿಗೆ ಹರಿಯುತ್ತವೆ. ಅದೇ ವೇಳೆಗೆ ರಕ್ತದಲ್ಲಿ ಹೆಚ್ಚಾದ ಇನ್ಸುಲಿನ್ ಯಕೃತ್ತಿನೊಳಗೆ ಹೊಸ ಕೊಬ್ಬು ತಯಾರಾಗುವುದನ್ನು ಮಾತ್ರ ಎಂದಿನಂತೆ ಪ್ರಚೋದಿಸುತ್ತಲೇ ಇರುತ್ತದೆ. ದಿನಕ್ಕೆ ಐದಾರು ಕಟಿಂಗ್ (ಅರ್ಧ ಲೋಟ) ಸಿಹಿ ಚಹಾ ಕುಡಿಯುವವರು ವಡಾಪಾವ್ ಬಿಟ್ಟೆನೆಂದು ಸಮಾಧಾನಪಡುವುದು ಅಷ್ಟೇನೂ ಪ್ರಯೋಜನಕಾರಿಯಲ್ಲ, ಏಕೆಂದರೆ ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್, ಮತ್ತು ಫ್ರಕ್ಟೋಸ್ ಹೆಚ್ಚಾದಾಗ ಯಕೃತ್ತಿನಲ್ಲಿ ಸುಲಭವಾಗಿ ಕೊಬ್ಬಾಗುವ ದಾರಿ ಹಿಡಿಯುತ್ತದೆ.

ಅಪಾಯಕಾರಿ ಅಂಶಗಳಲ್ಲಿ ಬೊಜ್ಜು ಮತ್ತು ಟೈಪ್ 2 ಮಧುಮೇಹ ಮೊದಲ ಸ್ಥಾನದಲ್ಲಿವೆ ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಪುಣೆಯಲ್ಲಿ ನರ್ಸಿಂಗ್ ಓದುತ್ತಿರುವ ನಾವು ಇನ್ನೊಂದು ಮಾತನ್ನು, ಅಂದರೆ ತೆಳ್ಳಗಿನ ಭಾರತೀಯರಲ್ಲಿಯೂ ದೇಹದ ಕೊಬ್ಬು ಹೆಚ್ಚಿರಬಹುದು ಎಂಬುದನ್ನು, ಬಿಡದೆ ಬರೆಯಬೇಕು, ಏಕೆಂದರೆ ಆ ಕುರಿತ ಸಂಶೋಧನೆ ಬಹುಮಟ್ಟಿಗೆ ಇದೇ ಊರಿನ ಕೆಇಎಂ ಆಸ್ಪತ್ರೆಯಲ್ಲಿ ನಡೆದಿದೆ. ಅಲ್ಲಿನ ಸಂಶೋಧಕ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಸಂಶೋಧಕ ಜಾನ್ ಯುಡ್ಕಿನ್ ಅವರಿಬ್ಬರ ಬಿಎಂಐ ಒಂದೇ ಆಗಿತ್ತು, 22.3; ಆದರೆ ದೇಹದ ಕೊಬ್ಬು ಯಾಜ್ಞಿಕರಲ್ಲಿ ಶೇ. 21.2, ಯುಡ್ಕಿನ್ನರಲ್ಲಿ ಶೇ. 9.1. ಇಬ್ಬರೂ ಅಕ್ಕಪಕ್ಕ ನಿಂತ ಚಿತ್ರ 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಪುಣೆ ಸಮೀಪದ ಹಳ್ಳಿಗಳ ನವಜಾತ ಶಿಶುಗಳ ಸರಾಸರಿ ತೂಕ 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್ನಿನವುಗಳದು 3.5 ಕಿಲೊ, ಇಷ್ಟು ಸಣ್ಣ ಮಗುವಿನಲ್ಲಿಯೂ ಸ್ನಾಯು ಕಡಿಮೆಯಾದ ಪ್ರಮಾಣದಲ್ಲಿ ಚರ್ಮದಡಿಯ ಕೊಬ್ಬು ಕಡಿಮೆಯಾಗಿರಲಿಲ್ಲ. ಊಟದ ಗ್ಲೂಕೋಸನ್ನು ಹೆಚ್ಚು ಹೀರಿಕೊಳ್ಳುವುದು ಸ್ನಾಯು. ಅದು ಕಡಿಮೆಯಿದ್ದಲ್ಲಿ ಆ ಹೊರೆ ಯಕೃತ್ತಿನ ಮೇಲೆ ಬೀಳುತ್ತದೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗರಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಫ್ಯಾಟಿ ಲಿವರ್ ಇದ್ದವರಲ್ಲಿ ಮುಕ್ಕಾಲು ಪಾಲು ಜನರ ಬಿಎಂಐ 25ಕ್ಕಿಂತ ಕೆಳಗಿತ್ತು.

ಆದ್ದರಿಂದ ತೂಕದ ಯಂತ್ರಕ್ಕಿಂತ ಅಳತೆ ಪಟ್ಟಿಯನ್ನು ನಂಬುವುದು ಮೇಲು. ಪಟ್ಟಿಯನ್ನು ಹೊಕ್ಕುಳ ನೋಡಿ ಸುತ್ತಬಾರದು. ಕಡೆಯ ಪಕ್ಕೆಲುಬಿನ ಕೆಳಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ರೋಗಿ ಸಹಜವಾಗಿ ಉಸಿರು ಬಿಟ್ಟಾಗ ಓದಬೇಕು. ಹೊಟ್ಟೆ ಒಳಗೆಳೆದುಕೊಳ್ಳುವವರು ಇದ್ದೇ ಇರುತ್ತಾರೆ, ಮಾತನಾಡಿಸುತ್ತ ಅಳೆಯಿರಿ.

ಉಳಿದ ಅಂಶಗಳನ್ನು ಚಿಕ್ಕದಾಗಿ ಹೇಳಬಹುದು. ಹೆಂಗಸರ ಅಂಡಾಶಯ-ಹಾರ್ಮೋನ್ ತೊಂದರೆಯಾದ ಪಿಸಿಒಎಸ್, ನಿದ್ರೆಯಲ್ಲಿ ಉಸಿರುಕಟ್ಟುವ ಸ್ಲೀಪ್ ಆಪ್ನಿಯಾ ಮತ್ತು ಥೈರಾಯ್ಡ್ ಕೊರತೆಗಳೊಂದಿಗೆ ಈ ಕಾಯಿಲೆ ಹೆಚ್ಚು ಕಾಣುತ್ತದೆ. ವಂಶವಾಹಿಗಳಲ್ಲಿ 2008ರಲ್ಲಿ ಗುರುತಿಸಲಾದ ಪಿಎನ್‌ಪಿಎಲ್‌ಎ3 ರೂಪಾಂತರ ಮುಖ್ಯವಾದುದು.

ಲಕ್ಷಣಗಳ ವಿಷಯದಲ್ಲಿ ಪರೀಕ್ಷೆಗೆ ಬರೆಯಬೇಕಾದ ಮೊದಲ ವಾಕ್ಯವೆಂದರೆ, ಬಹುತೇಕ ರೋಗಿಗಳಿಗೆ ಲಕ್ಷಣಗಳೇ ಇರುವುದಿಲ್ಲ. ಕೆಲವರಿಗೆ ಆಯಾಸ, ಬಲಗಡೆ ಪಕ್ಕೆಯ ಕೆಳಗೆ ಮಂದ ನೋವು. ಪರೀಕ್ಷಿಸಿದರೆ ಯಕೃತ್ತು ಹಿಗ್ಗಿರಬಹುದು, ಕುತ್ತಿಗೆಯ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪಗಟ್ಟಿರಬಹುದು. ಕಾಮಾಲೆ, ಹೊಟ್ಟೆಯಲ್ಲಿ ನೀರು, ಗುಲ್ಮದ (ಸ್ಪ್ಲೀನ್) ಊತಗಳು ಯಕೃತ್ತು ಗಾಯಗಟ್ಟಿ ಗಡುಸಾಗುವ ಸಿರೋಸಿಸ್ ಹಂತದವು. ಹೀಗಾಗಿ ಪತ್ತೆಯಾಗುವುದು ಬೇರೆ ಕಾರಣಕ್ಕೆ ಮಾಡಿಸಿದ ಸೋನೋಗ್ರಫಿಯಲ್ಲಿ, ಮತ್ತು ಗಡಿಭಾಗದ ಇಂಡಿ, ಜತ್ತ ಕಡೆಯಿಂದ ಬಂದವರು ಅದನ್ನು ಕೇಳಿ ಮೊದಲು ಹೇಳುವುದು "ಸಿಸ್ಟರ್, ನಾ ಒಂದ್ ಹನಿನೂ ಮುಟ್ಟಂಗಿಲ್ರೀ" ಎಂದು. ಮದ್ಯದ ಪ್ರಶ್ನೆಯನ್ನು ಆರೋಪದಂತೆ ಕೇಳದೆ, ಸಕ್ಕರೆ ಕಾಯಿಲೆಯ ಪ್ರಶ್ನೆಯ ಜೊತೆಗೇ ಕೇಳುವುದು ಒಳ್ಳೆಯದು.

ಸೋನೋಗ್ರಫಿ ವರದಿಯ ಗ್ರೇಡ್ 1, 2, 3 ಹೇಳುವುದು ಕೊಬ್ಬಿನ ಪ್ರಮಾಣವನ್ನು ಮಾತ್ರ. ಫೈಬ್ರೋಸಿಸ್ ಅಂದರೆ ಯಕೃತ್ತು ನಾರುಗಟ್ಟಿದ ಹಂತ, ಎಫ್0ರಿಂದ ಎಫ್4ರವರೆಗೆ, ಬೇರೆಯೇ ಲೆಕ್ಕ. ಮುಂದಿನ ಅಪಾಯವನ್ನು ನಿರ್ಧರಿಸುವುದು ಅದೇ. ಇವೆರಡನ್ನು ಒಂದೇ ಎಂದು ಬರೆದರೆ ಇಡೀ ಉತ್ತರ ಕೆಡುತ್ತದೆ. ಅಲ್ಲದೆ ಯಕೃತ್ತಿನ ಕೊಬ್ಬು ಶೇ. 20ಕ್ಕಿಂತ ಕಡಿಮೆಯಿದ್ದರೆ ಸೋನೋಗ್ರಫಿಗೆ ಅದು ಕಾಣಿಸದೆಯೂ ಹೋಗಬಹುದು.

ಫೈಬ್ರೋಸಿಸ್ ಅಂದಾಜಿಗೆ ಫಿಬ್-4 ಎಂಬ ಅಂಕ ಸಾಕಷ್ಟು ಸರಳ; ಅದಕ್ಕೆ ಬೇಕಾದ ಎಸ್‌ಜಿಒಟಿ, ಎಸ್‌ಜಿಪಿಟಿಗಳು ರಕ್ತದಲ್ಲಿ ಅಳೆಯುವ ಯಕೃತ್ತಿನ ಕಿಣ್ವಗಳು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿದಾಗ ಬರುವ ಸಂಖ್ಯೆಯಿಂದ ಭಾಗಿಸುವುದು. ಪ್ಲೇಟ್‌ಲೆಟ್ 1.8 ಲಕ್ಷವಿದ್ದರೆ 180 ಎಂದು ತೆಗೆದುಕೊಳ್ಳಬೇಕು. ಉದಾಹರಣೆಗೆ ವಯಸ್ಸು 48, ಎಸ್‌ಜಿಒಟಿ 52, ಎಸ್‌ಜಿಪಿಟಿ 64 ಆದರೆ 2496 ಭಾಗಿಸು 1440, ಅಂದರೆ 1.73. ಈಗ ಎಸ್‌ಜಿಪಿಟಿ 36ಕ್ಕೆ ಇಳಿದಿದೆ, ಉಳಿದದ್ದು ಹಾಗೆಯೇ ಇದೆ ಎಂದುಕೊಳ್ಳಿ; ಅಂಕ 2.31ಕ್ಕೆ ಏರುತ್ತದೆ. ಎಸ್‌ಜಿಪಿಟಿ ನಾರ್ಮಲ್ ಬಂತೆಂದು ಫೈಲು ಮುಚ್ಚಬಾರದು ಎನ್ನುವುದಕ್ಕೆ ಇದೇ ಕಾರಣ. 1.3ಕ್ಕಿಂತ ಕಡಿಮೆಯಿದ್ದರೆ ಮುಂದುವರಿದ ಫೈಬ್ರೋಸಿಸ್ ಸಾಧ್ಯತೆ ಕಡಿಮೆ, 65 ದಾಟಿದವರಿಗೆ ಆ ಗಡಿ 2.0, 2.67ಕ್ಕಿಂತ ಹೆಚ್ಚಿದ್ದರೆ ತಜ್ಞರ ಬಳಿಗೆ ಕಳುಹಿಸಬೇಕು, ನಡುವಿನವರಿಗೆ ಯಕೃತ್ತಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್. ಅಂಕ ಕಡಿಮೆ ಬಂದವರಲ್ಲಿಯೂ ಮಧುಮೇಹಿಗಳಿಗೆ ಒಂದೆರಡು ವರ್ಷಕ್ಕೊಮ್ಮೆ, ಉಳಿದವರಿಗೆ ಎರಡು-ಮೂರು ವರ್ಷಕ್ಕೊಮ್ಮೆ ಈ ಲೆಕ್ಕವನ್ನು ಮತ್ತೆ ಮಾಡಬೇಕಾಗುತ್ತದೆ.