ಹಳೇ ಪಿಕಪ್‌ಗೆ ರೇಡಿಯೇಟರ್, ಕೂಲಂಟ್ ಆರಿಸುವುದು: ನನ್ನ ಟಿಪ್ಪಣಿ

ಡೀಸೆಲ್ ಮೆಕ್ಯಾನಿಕ್ ಕೋರ್ಸ್‌ನಲ್ಲಿ ಕೂಲಿಂಗ್ ಸಿಸ್ಟಂ ಪಾಠ ಬೇಗ ಮುಗಿದುಹೋಗುತ್ತದೆ. ಚಿತ್ರ ಬಿಡಿಸಿ ಭಾಗಗಳ ಹೆಸರು ಬರೆದರೆ ಅಂಕ ಸಿಗುತ್ತದೆ. ಆದರೆ ಶೆಡ್ಡಿಗೆ ಬಂದ ಹಳೇ ಗಾಡಿಗೆ ಯಾವ ರೇಡಿಯೇಟರ್ ಹಾಕಬೇಕು, ಅದರೊಳಗೆ ಏನು ಸುರಿಯಬೇಕು ಅಂತ ಯಾರಾದರೂ ಕೇಳಿದರೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ನಾನೂ ಕೆರೆದುಕೊಂಡವನೇ. ಒಂದು ಗಾಡಿಯ ಕೆಲಸ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಗಾಡಿ ಹಳೇ ಬೊಲೆರೊ ಪಿಕಪ್. 2523 ಸಿಸಿ ಡೀಸೆಲ್ ಎಂಜಿನ್, ನಾಲ್ಕು ಸಿಲಿಂಡರ್. ಮಂಗಳೂರಿನ ದಕ್ಕೆಯಿಂದ (ಮೀನುಗಾರಿಕೆ ಬಂದರು) ಹಾಸನಕ್ಕೆ ಮೀನು ತರುವುದು ಅದರ ಕೆಲಸ. ಸಮುದ್ರಮಟ್ಟದಲ್ಲಿ ಹೊರಟ ಗಾಡಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಮುಟ್ಟುವಷ್ಟರಲ್ಲಿ 900 ಮೀಟರಿಗೂ ಮೇಲೆ ಬಂದಿರುತ್ತದೆ. ಹಿಂದೆ ಐಸು, ಮೀನಿನ ಲೋಡು. ಮುಂದೆ ತೆವಳುವ ಲಾರಿ. ಎಂಜಿನ್ ಎರಡನೇ ಗೇರಿನಲ್ಲಿ ಪೂರ್ತಿ ದುಡಿಯುತ್ತಿರುತ್ತದೆ, ಆದರೆ ಎದುರಿನಿಂದ ನುಗ್ಗುವ ಗಾಳಿ ಇರುವುದಿಲ್ಲ. ಡ್ರೈವರ್ ಅಣ್ಣ ಹೇಳಿದ್ದು ಇಷ್ಟೇ: "ಬಯಲಲ್ಲಿ ಏನೂ ತೊಂದ್ರೆ ಇಲ್ಲ. ಘಾಟಿಲಿ ಮುಳ್ಳು ಕೆಂಪಿಗೆ ಹೋಗುತ್ತೆ."

ತಪ್ಪು ರೇಡಿಯೇಟರಿನದ್ದೇನಾ?

ಗಾಡಿ ಹೀಟ್ ಆಯಿತು ಅಂದ ಕೂಡಲೇ ರೇಡಿಯೇಟರ್ ಬಿಚ್ಚಬೇಡಿ. ಯಾವಾಗ ಹೀಟ್ ಆಗುತ್ತದೆ ಅಂತ ಮೊದಲು ಕೇಳಿ. ಸಿಗ್ನಲ್‌ನಲ್ಲಿ ನಿಂತಾಗ ಮುಳ್ಳು ಏರಿ, ಓಡುವಾಗ ಇಳಿದರೆ ಫ್ಯಾನ್, ಫ್ಯಾನ್ ಕ್ಲಚ್, ಬೆಲ್ಟ್ ನೋಡಿ. ಲೋಡ್ ಬಿದ್ದಾಗ ಮಾತ್ರ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರುವ ಸಾಧ್ಯತೆ ಜಾಸ್ತಿ. ಎಂಜಿನ್ ತಣ್ಣಗಿದ್ದಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ನೀರಿನಲ್ಲಿ ಗುಳ್ಳೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು) ಮೇಲೆ ಅನುಮಾನ ಪಡಿ. ಆಗ ಹೊಸ ರೇಡಿಯೇಟರ್ ಹಾಕಿದರೂ ದುಡ್ಡು ದಂಡ.

ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ. ಅದರ ವಿಷಯದಲ್ಲಿ ನಮ್ಮ ಕಡೆ ಒಂದು ಕೆಟ್ಟ ಅಭ್ಯಾಸ ಇದೆ. ಹೀಟ್ ಆದರೆ ಸುಮ್ನೆ ಅದನ್ನು ಕಿತ್ತು ಬಿಸಾಕುತ್ತಾರೆ. ಎಷ್ಟೋ ಎಂಜಿನ್‌ಗಳಲ್ಲಿ ಅದು 82 ಡಿಗ್ರಿ ಆಸುಪಾಸಿನಲ್ಲಿ ತೆರೆಯುತ್ತದೆ. ತೆರೆದಾಗ ಬೈಪಾಸ್ ದಾರಿಯನ್ನು (ರೇಡಿಯೇಟರಿಗೆ ಹೋಗದೆ ನೀರು ಎಂಜಿನ್ನಿಗೇ ಮರಳುವ ದಾರಿ) ಮುಚ್ಚುವ ಕೆಲಸವನ್ನೂ ಕೆಲವು ಎಂಜಿನ್‌ಗಳಲ್ಲಿ ಅದೇ ಮಾಡುತ್ತದೆ. ಅಂಥ ಎಂಜಿನ್‌ನಲ್ಲಿ ಅದನ್ನು ಕಿತ್ತರೆ ಬಿಸಿ ನೀರು ರೇಡಿಯೇಟರಿಗೆ ಹೋಗದೆ ಬೈಪಾಸ್‌ನಲ್ಲೇ ಸುತ್ತುತ್ತದೆ. ಹೀಟ್ ಕಡಿಮೆ ಆಗಲಿ ಅಂತ ಕಿತ್ತದ್ದು, ಹೀಟ್ ಇನ್ನೂ ಜಾಸ್ತಿ!

ಈ ಗಾಡಿಯಲ್ಲಿ ಫ್ಯಾನ್ ಸರಿ ಇತ್ತು, ಗುಳ್ಳೆ ಇರಲಿಲ್ಲ. ಎಂಜಿನ್ ಬಿಸಿಯಾದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಕೋರ್ (ನೀರು ಹರಿಯುವ ಟ್ಯೂಬು, ಅವಕ್ಕೆ ಅಂಟಿದ ತೆಳು ತಗಡಿನ ಫಿನ್ನು ಸೇರಿದ ಮಧ್ಯಭಾಗ) ಉದ್ದಕ್ಕೂ ನೋಡಿದೆವು. ಎಡಗಡೆ ಬಿಸಿ, ಬಲಗಡೆ ಕೆಳಮೂಲೆ ಬರೀ ಉಗುರುಬೆಚ್ಚಗೆ. ಅಲ್ಲಿನ ಟ್ಯೂಬ್‌ಗಳಲ್ಲಿ ನೀರೇ ಹರಿಯುತ್ತಿರಲಿಲ್ಲ. ಹೊರಗಿನ ಫಿನ್‌ಗಳನ್ನು ಬೆರಳಲ್ಲಿ ಮುಟ್ಟಿದರೆ ಹಪ್ಪಳದ ಹಾಗೆ ಪುಡಿ. ಕರಾವಳಿಯ ಉಪ್ಪುಗಾಳಿ, ಮುಂದೆ ಹೋಗುವ ಮೀನಿನ ಲಾರಿಯಿಂದ ರಸ್ತೆಗೆ ಸುರಿಯುವ ನೀರು, ಎರಡೂ ಸೇರಿ ಮಾಡಿದ ಕೆಲಸ.

ಲೋಹ

ಹಳೇ ಗಾಡಿಗೆ ಸಿಗುವುದು ಮುಖ್ಯವಾಗಿ ಎರಡು ಬಗೆ. ಒಂದು ತಾಮ್ರ-ಹಿತ್ತಾಳೆಯದ್ದು: ಟ್ಯೂಬು, ಟ್ಯಾಂಕು ಹಿತ್ತಾಳೆ, ಫಿನ್ನು ತಾಮ್ರ, ಎಲ್ಲವನ್ನೂ ಸೇರಿಸುವುದು ಸೀಸ-ತವರದ ಬೆಸುಗೆ. ಇನ್ನೊಂದು ಅಲ್ಯೂಮಿನಿಯಂ ಕೋರ್, ಮೇಲೆ ಕೆಳಗೆ ಅಥವಾ ಅಕ್ಕಪಕ್ಕ ಪ್ಲಾಸ್ಟಿಕ್ ಟ್ಯಾಂಕ್, ನಡುವೆ ರಬ್ಬರ್ ಗ್ಯಾಸ್ಕೆಟ್.

"ತಾಮ್ರ ಅಲ್ಯೂಮಿನಿಯಂಗಿಂತ ಚೆನ್ನಾಗಿ ಶಾಖ ಸಾಗಿಸುತ್ತದೆ, ಹಾಗಾಗಿ ತಾಮ್ರವೇ ಮೇಲು" ಅಂತ ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಅರ್ಧ ಮಾತ್ರ ಸರಿ. ಶಾಖವಾಹಕತೆ ತಾಮ್ರಕ್ಕೆ ಸುಮಾರು 400, ಅಲ್ಯೂಮಿನಿಯಂಗೆ ಸುಮಾರು 235 ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್, ನಿಜ. ಆದರೆ ಟ್ಯೂಬ್ ಇರುವುದು ಹಿತ್ತಾಳೆಯದ್ದು, ಅದು ತಾಮ್ರದ ಮೂರನೇ ಒಂದು ಭಾಗವೂ ಇಲ್ಲ. ಫಿನ್ನಿಗೂ ಟ್ಯೂಬಿಗೂ ನಡುವೆ ಇರುವ ಬೆಸುಗೆ ಇನ್ನೂ ಕಡಿಮೆ. ಅಲ್ಯೂಮಿನಿಯಂನಲ್ಲಿ ಟ್ಯೂಬನ್ನು ಅಗಲ ಮಾಡಬಹುದು, ಫಿನ್ನಿಗೆ ಜಾಸ್ತಿ ಅಂಟಿಕೊಳ್ಳುತ್ತದೆ, ತೂಕವೂ ಕಡಿಮೆ. ಹಾಗಾಗಿ ಚೆನ್ನಾಗಿ ಮಾಡಿದ ಅಲ್ಯೂಮಿನಿಯಂ ರೇಡಿಯೇಟರ್ ತಾಮ್ರದ್ದಕ್ಕೆ ಏನೂ ಕಡಿಮೆಯಲ್ಲ.

ಹಾಗಾದರೆ ತಾಮ್ರದ್ದನ್ನು ಯಾಕೆ ಯೋಚಿಸಬೇಕು? ರಿಪೇರಿ ಆಗುತ್ತದೆ, ಅದಕ್ಕೆ. ಟ್ಯಾಂಕ್ ಬಿಚ್ಚಿ ಟ್ಯೂಬ್‌ಗಳಿಗೆ ರಾಡ್ ಹಾಕಿ ಕ್ಲೀನ್ ಮಾಡಬಹುದು. ಸೋರಿದರೆ ಬೆಸುಗೆ ಹಾಕಬಹುದು. ಕೋರ್ ಪೂರ್ತಿ ಹಾಳಾದರೆ ಹಳೇ ಟ್ಯಾಂಕ್ ಉಳಿಸಿಕೊಂಡು ಹೊಸ ಕೋರ್ ಕೂರಿಸಬಹುದು. ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಟ್ಟರೆ ಎಂ-ಸೀಲ್ ಹಚ್ಚಿ ಊರು ಸೇರಬಹುದು, ಅಷ್ಟೇ.

ನಾವು ಮಾಡಿದ ತಪ್ಪು

ನಾವು ಮೊದಲು ಒಂದು ಅಂಗಡಿಯಿಂದ ಹೊಸ ಅಲ್ಯೂಮಿನಿಯಂ ರೇಡಿಯೇಟರ್ ತಂದೆವು. "ಇದೇ ಗಾಡೀದು" ಅಂದರು. ಬ್ರಾಕೆಟ್ ಸರಿಯಾಗಿ ಕೂತಿತು, ಹೋಸ್‌ಗಳೂ ಕೂತವು. ಗಾಡಿ ಹೋಯಿತು. ಘಾಟಿಯಲ್ಲಿ ಮತ್ತೆ ಅದೇ ಕಥೆ. ಹಳೆಯದನ್ನು ಪಕ್ಕದಲ್ಲಿಟ್ಟು ಸ್ಕೇಲ್ ಹಿಡಿದಾಗ ಗೊತ್ತಾಯಿತು: ಎತ್ತರ, ಅಗಲ ಎರಡೂ ಒಂದೇ, ಆದರೆ ಕೋರ್ ದಪ್ಪ ಅರ್ಧದಷ್ಟೂ ಇಲ್ಲ. ಹಳೆಯದರಲ್ಲಿ ಟ್ಯೂಬ್ ಮೂರು ಸಾಲು, ಹೊಸದರಲ್ಲಿ ಒಂದೇ ಸಾಲು. ಬರೀ ಸಾಲು ಎಣಿಸಿ ತೀರ್ಮಾನ ಮಾಡುವುದೂ ತಪ್ಪು, ಯಾಕೆಂದರೆ ಅಲ್ಯೂಮಿನಿಯಂನಲ್ಲಿ ಅಗಲವಾದ ಒಂದು ಸಾಲು ತಾಮ್ರದ ಎರಡು ಸಾಲಿಗೆ ಸಮ ಇರಬಹುದು. ಆದರೆ ಇದು ಅಗಲವೂ ಇರಲಿಲ್ಲ.

ಅಂಗಡಿಗೆ ಹೋಗುವಾಗ ಹಳೆಯದನ್ನೇ ಹೊತ್ತುಕೊಂಡು ಹೋಗಿ. ಗಾಡಿ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೂ ಅಷ್ಟೇ. ಗಾಡಿ ಹೆಸರು ಹೇಳಿದರೆ ಸಾಲದು, ಎಂಜಿನ್ ಯಾವುದು, ಏಸಿ ಇದೆಯಾ ಇಲ್ಲವಾ ಅನ್ನುವುದೂ ಬೇಕು. ಕೋರ್ ದಪ್ಪ, ಹೋಸ್ ಬಾಯಿಯ ವ್ಯಾಸ, ಅದು ಯಾವ ಪಕ್ಕದಲ್ಲಿದೆ, ಕ್ಯಾಪ್ ಇರುವ ಜಾಗ, ಫ್ಯಾನ್ ಸುತ್ತಲಿನ ಶ್ರೌಡ್ ಕಟ್ಟುವ ತೂತುಗಳು, ಇಷ್ಟನ್ನೂ ಹೋಲಿಸಿ. ಶ್ರೌಡ್ ಕೂರಲಿಲ್ಲ ಅಂತ ಬಿಟ್ಟುಬಿಡುವವರೇ ಜಾಸ್ತಿ. ಅದಿಲ್ಲದಿದ್ದರೆ ಫ್ಯಾನ್ ಕೋರ್ ಮೂಲಕ ಗಾಳಿ ಎಳೆಯುವ ಬದಲು ಅಕ್ಕಪಕ್ಕದ ಗಾಳಿಯನ್ನೇ ತಿರುವುತ್ತದೆ. ನಿಧಾನ ಹೋಗುವ ಗಾಡಿಗೆ ಇದು ದೊಡ್ಡ ನಷ್ಟ.

ಕೊನೆಗೆ ನಮ್ಮ ಮೇಸ್ತ್ರಿ ಹಳೇ ಹಿತ್ತಾಳೆ ಟ್ಯಾಂಕ್‌ಗಳನ್ನು ಉಜ್ಜಿ ನೋಡಿ, "ಇವು ಗಟ್ಟಿ ಇವೆ ಮಾರಾಯ, ಕೋರ್ ಮಾತ್ರ ಬದಲಿಸೋಣ" ಅಂದರು. ಮೂರು ಸಾಲಿನ ತಾಮ್ರದ ಕೋರ್ ಕೂರಿಸಿದೆವು. ಹಳೇ ಬ್ರಾಕೆಟ್, ಹಳೇ ಶ್ರೌಡ್, ಎಲ್ಲ ತನ್ನ ಜಾಗದಲ್ಲಿ.

ಕ್ಯಾಪ್

ಇದು ಚಿಕ್ಕ ವಸ್ತು, ಆದರೆ ರೇಡಿಯೇಟರ್ ಜೊತೆಗೇ ಹೊಸದು ಹಾಕಬೇಕು. ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ. ಚದರ ಸೆಂಟಿಮೀಟರಿಗೆ ಅಷ್ಟು ಕಿಲೋ ಒತ್ತಡದವರೆಗೆ ಅದು ತೆರೆಯುವುದಿಲ್ಲ ಅಂತ ಅರ್ಥ. ಸಕಲೇಶಪುರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 0.9ರ ಕ್ಯಾಪ್ ಸರಿಯಾಗಿ ಕೂತಿದ್ದರೆ ಅದೇ ನೀರು ಕುದಿಯಲು 116 ಡಿಗ್ರಿ ಆಸುಪಾಸು ಬೇಕು. ಅಂದರೆ ರಬ್ಬರ್ ಹರಿದ ಕ್ಯಾಪ್ ಒಂದೇ ಸುಮಾರು 20 ಡಿಗ್ರಿಯನ್ನು ಕಸಿದುಕೊಳ್ಳುತ್ತದೆ. ಹಾಗಂತ ಹಳೇ ರೇಡಿಯೇಟರಿಗೆ ಜಾಸ್ತಿ ಒತ್ತಡದ ಕ್ಯಾಪ್ ಹಾಕಬೇಡಿ, ಬೆಸುಗೆ ಬಿಟ್ಟುಕೊಳ್ಳುತ್ತದೆ. ಮತ್ತೆ, ಬಿಸಿ ಇರುವಾಗ ಕ್ಯಾಪ್ ತೆಗೆಯಲೇಬಾರದು. ಬಟ್ಟೆ ಹಿಡಿದು ತೆಗೆದರೂ ಮುಖಕ್ಕೆ ಹಾರುತ್ತದೆ.

ಕೂಲಂಟ್

ಹಸಿರು, ಕೆಂಪು, ನೀಲಿ, ಇವೆಲ್ಲ ಕಂಪನಿ ಹಾಕುವ ಬಣ್ಣ. ಬಣ್ಣಕ್ಕೆ ಒಂದೇ ನಿಯಮ ಅಂತ ಇಲ್ಲ. ಹೆಚ್ಚಿನವುಗಳ ಮೂಲ ಎಥಿಲೀನ್ ಗ್ಲೈಕಾಲ್. ವ್ಯತ್ಯಾಸ ಇರುವುದು ತುಕ್ಕು ತಡೆಯುವ ರಾಸಾಯನಿಕದಲ್ಲಿ. ಸಿಲಿಕೇಟ್‌ನಂಥ ಅಜೈವಿಕ ಲವಣ ಇರುವ ಹಳೇ ಬಗೆ ಬೇಗ ಲೋಹಕ್ಕೆ ಪದರ ಕಟ್ಟುತ್ತದೆ, ಆದರೆ ಸುಮಾರು ಎರಡು ವರ್ಷಕ್ಕೆ ಸವೆಯುತ್ತದೆ. ಸಾವಯವ ಆಮ್ಲದ ಬಗೆಯನ್ನು ಒಎಟಿ ಅನ್ನುತ್ತಾರೆ. ಇದು ಐದು ವರ್ಷದವರೆಗೂ ಬರುತ್ತದೆ, ಅಲ್ಯೂಮಿನಿಯಂಗೆ ಒಳ್ಳೆಯದು, ಸೀಸದ ಬೆಸುಗೆಗೆ ಅಷ್ಟು ಹಿತವಲ್ಲ. ಎರಡೂ ಬೆರೆಸಿ ಮಾಡಿದ ಹೈಬ್ರಿಡ್ ಕೂಡ ಇದೆ.

ನಾವು ಕೂರಿಸಿದ್ದು ಬೆಸುಗೆಯ ಕೋರ್. ಆದ್ದರಿಂದ ತಾಮ್ರ, ಹಿತ್ತಾಳೆ, ಬೆಸುಗೆಗೆ ಆಗುತ್ತದೆ ಅಂತ ಡಬ್ಬದ ಮೇಲೇ ಬರೆದಿದ್ದ ಸಿಲಿಕೇಟ್ ಬಗೆಯನ್ನು ತಂದೆವು. ಅದು ಹಸಿರಾಗಿದ್ದದ್ದು ಕಾಕತಾಳೀಯ. ಮೊದಲು ತಂದ ಅಲ್ಯೂಮಿನಿಯಂ ರೇಡಿಯೇಟರೇ ಉಳಿದಿದ್ದರೆ ಒಎಟಿ ಅಥವಾ ಹೈಬ್ರಿಡ್ ಆರಿಸುತ್ತಿದ್ದೆವು. ಡಬ್ಬದಲ್ಲಿ ಐಎಸ್ 5759, ಜೆಐಎಸ್ ಕೆ 2234 ಅಥವಾ ಎಎಸ್‌ಟಿಎಂ ಡಿ 3306 ಅನ್ನುವ ಗುಣಮಟ್ಟದ ಸಂಖ್ಯೆ ಕಾಣಬೇಕು. ಏನೂ ಬರೆಯದೆ ಬರೀ ಬಣ್ಣದ ನೀರು ಮಾರುವ ಡಬ್ಬಗಳೂ ಇವೆ, ಅಲ್ವಾ?

ಕೂಲಂಟ್ ಇರುವುದು ನೀರು ಹೆಪ್ಪುಗಟ್ಟದಿರಲಿ ಅಂತ ತಾನೆ, ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ಮತ್ತೆ ಯಾಕೆ ಅಂತ ಕೇಳುತ್ತಾರೆ. ಶಾಖ ಹೊರುವುದರಲ್ಲಿ ಬರೀ ನೀರೇ ಮುಂದೆ: ನೀರಿನ ವಿಶಿಷ್ಟೋಷ್ಣ (ಒಂದು ಕಿಲೋವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ) 4.18 ಕಿಲೋಜೂಲ್, ಕೂಲಂಟ್-ನೀರಿನ ಅರ್ಧರ್ಧ ಮಿಶ್ರಣದ್ದು ಸುಮಾರು 3.4. ಆದರೆ ನೀರು ತುಕ್ಕನ್ನು ತಡೆಯುವುದಿಲ್ಲ, ಬೇಗ ಕುದಿಯುತ್ತದೆ. ಬೋರ್‌ವೆಲ್ ನೀರಾದರೆ ಟೀ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ಟ್ಯೂಬ್‌ನೊಳಗೂ ಕಟ್ಟುತ್ತದೆ. ಈ ಗಾಡಿಯ ಹಳೇ ಕೋರ್ ಕತ್ತರಿಸಿ ನೋಡಿದಾಗ ಟ್ಯೂಬ್‌ನ ಬಾಯಲ್ಲಿ ಸುಣ್ಣ, ಅದರ ಮೇಲೆ ಕಂದು ತುಕ್ಕು, ಸೂಜಿ ತೂರುವಷ್ಟೂ ಜಾಗ ಇರಲಿಲ್ಲ. ಬೆರೆಸಲು ಡಿಸ್ಟಿಲ್ಡ್ ನೀರೇ ಬೇಕು.

ತುಂಬುವ ಲೆಕ್ಕ

ಇಲ್ಲಿ ನಾನು ಎಡವಿದ್ದೆ. ಒಟ್ಟು 8 ಲೀಟರ್ ಹಿಡಿಯುವ ಸಿಸ್ಟಂ ಅಂದುಕೊಳ್ಳಿ. ನೀರಿನಲ್ಲಿ ಫ್ಲಶ್ ಮಾಡಿ ಬಸಿದರೆ ಹೊರಬರುವುದು 5 ಲೀಟರ್. ಉಳಿದ 3 ಲೀಟರ್ ಬ್ಲಾಕ್‌ನೊಳಗೇ ನಿಂತಿರುತ್ತದೆ. ಈಗ 5 ಲೀಟರ್ ರೆಡಿಮಿಕ್ಸ್ (ಅರ್ಧ ನೀರು ಬೆರೆಸಿಯೇ ಬರುವ ಕೂಲಂಟ್) ಸುರಿದರೆ ಒಳಗೆ ಹೋದ ಅಸಲಿ ಕೂಲಂಟ್ 2.5 ಲೀಟರ್, ಅಂದರೆ ಬರೀ ಶೇಕಡಾ 31. ಅದರ ಬದಲು 4 ಲೀಟರ್ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲಂಟ್) ಮೊದಲು ಸುರಿದು, 1 ಲೀಟರ್ ಡಿಸ್ಟಿಲ್ಡ್ ನೀರು ಹಾಕಿದರೆ ಸರಿಯಾಗಿ ಅರ್ಧರ್ಧ. ಬ್ಲಾಕ್‌ನ ಡ್ರೈನ್ ಪ್ಲಗ್ ಬಿಚ್ಚಲು ಬಂದರೆ ಈ ತಲೆನೋವೇ ಇಲ್ಲ, ಆದರೆ ಹಳೇ ಗಾಡಿಯಲ್ಲಿ ಅದು ತುಕ್ಕು ಹಿಡಿದು ಕೂತಿರುತ್ತದೆ. ಕೊನೇ ಫ್ಲಶ್ ಡಿಸ್ಟಿಲ್ಡ್ ನೀರಿನಲ್ಲೇ ಆಗಲಿ, ಒಳಗೆ ಉಳಿಯುವುದು ಅದೇ ತಾನೆ.

ಬಸಿದ ಹಳೇ ಕೂಲಂಟನ್ನು ಅಂಗಳಕ್ಕೆ ಬಿಡಬೇಡಿ. ರುಚಿ ಸಿಹಿ, ನಾಯಿ ನೆಕ್ಕಿದರೆ ಸಾಯುತ್ತದೆ. ದನಕ್ಕೂ ವಿಷವೇ.

ತುಂಬುವಾಗ ಕ್ಯಾಪ್ ತೆಗೆದಿಟ್ಟು ಎಂಜಿನ್ ಓಡಿಸಿ, ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಕಾಯಬೇಕು. ಒಳಗಿನ ಗಾಳಿ ಹೊರಬಂದ ಹಾಗೆ ಮಟ್ಟ ಇಳಿಯುತ್ತದೆ, ಆಗ ಮತ್ತೆ ತುಂಬಿ. ಫ್ಲಶ್ ಮಾಡಿದ ಮೇಲೆ ಹೊಸದಾಗಿ ಸೋರಿಕೆ ಕಂಡರೆ ಗಾಬರಿ ಬೇಡ. ಅಷ್ಟು ದಿನ ಸುಣ್ಣವೇ ಆ ತೂತನ್ನು ಮುಚ್ಚಿಕೊಂಡಿತ್ತು. ನಮ್ಮ ಗಾಡಿಯಲ್ಲಿ ವಾಟರ್ ಪಂಪಿನ ಕೆಳಗೆ ಹನಿ ಕಾಣಿಸಿತು, ಪಂಪನ್ನೂ ಬದಲಿಸಿದೆವು.

ಮೊದಲ ಟ್ರಿಪ್ ಮುಗಿಸಿ ಬಂದ ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ನೋಡಿದೆವು. ರಿಸರ್ವ್ ಡಬ್ಬದಲ್ಲಿ ಎರಡು ಬೆರಳು ಇಳಿದಿತ್ತು, ಅಷ್ಟನ್ನು ಅದೇ ಮಿಶ್ರಣದಿಂದ ತುಂಬಿದೆವು. "ಘಾಟಿಲಿ ಮುಳ್ಳು ಎಲ್ಲಿತ್ತು ಅಣ್ಣ?" ಅಂತ ಕೇಳಿದೆ. "ಅರ್ಧಕ್ಕಿಂತ ಒಂಚೂರು ಮೇಲೆ. ಕ್ಯಾಬಿನ್‌ನಲ್ಲಿ ಇನ್ನೂ ಒಂದು ಬಾಟ್ಲಿ ನೀರು ಇಟ್ಕೊಂಡಿದ್ದೀನಿ, ಅಭ್ಯಾಸ," ಅಂದರು. ಅದು ಬೋರ್‌ವೆಲ್ ನೀರು. ಅದನ್ನು ಇಳಿಸಿ, ಮಿಶ್ರಣದ ಬಾಟಲಿ ಇಟ್ಟು ಕಳಿಸಿದೆ.