ಪ್ರೊಪೆಲ್ಲರ್ ತಿರುಗಲಿ ಬಿಡಿ

ಯಲಹಂಕದ ಏರೋ ಇಂಡಿಯಾ ಮುಗಿದ ವಾರ ಹಾಸನದ ಹುಡುಗರು ಮೆಮೊರಿ ಕಾರ್ಡ್ ಹಿಡಿದುಕೊಂಡು ನನ್ನ ಸ್ಟುಡಿಯೊಗೆ ಬರುತ್ತಾರೆ. ಜೆಟ್‌ಗಳ ಚಿತ್ರ ಚೆನ್ನಾಗಿಯೇ ಬಂದಿರುತ್ತವೆ. ಹಳೆಯ ವಿಮಾನಗಳದ್ದರಲ್ಲಿ ಮಾತ್ರ ಬಹುತೇಕ ಒಂದೇ ಕೊರತೆ: ಪ್ರೊಪೆಲ್ಲರ್ ಅಲುಗಾಡದೆ ನಿಂತಿರುತ್ತದೆ. ಜೆಟ್‌ಗೆಂದು ಇಟ್ಟ 1/2000 ಸೆಕೆಂಡಿನ ಶಟರ್ ವೇಗವನ್ನು ಬದಲಿಸದೆ ಇದಕ್ಕೂ ಒತ್ತಿರುತ್ತಾರೆ.

ಇದನ್ನು ನಾನು ಸಣ್ಣ ತಪ್ಪೆಂದು ಬಿಡುವುದಿಲ್ಲ. ವಾಯುಪಡೆಯ ಹಳೆಯ ಸಾಗಣೆ ವಿಮಾನ, ಡಕೋಟ ‘ಪರಶುರಾಮ’ವನ್ನೇ ನೋಡಿ. ಗುಜರಿ ಪಾಲಾಗಲಿದ್ದ ವಿಮಾನ ಬ್ರಿಟನ್ನಿನಲ್ಲಿ ದುರಸ್ತಿಯಾಗಿ, 2018ರಲ್ಲಿ ಅಲ್ಲಿಂದ ಹಾರಿಕೊಂಡೇ ಭಾರತಕ್ಕೆ ಬಂತು. ಅದರ ಮೇಲಿರುವ ‘ವಿಪಿ 905’, 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಯೋಧರನ್ನು ಶ್ರೀನಗರಕ್ಕೆ ಹೊತ್ತೊಯ್ದ ಡಕೋಟದ ಸಂಖ್ಯೆ. ಅಂಥ ಎಂಜಿನ್ನನ್ನು ಮತ್ತೆ ತಿರುಗಿಸಲು ಎಷ್ಟೋ ಕೈಗಳು ದುಡಿದಿರುತ್ತವೆ. ಚಿತ್ರದಲ್ಲಿ ಅದನ್ನು ನಿಲ್ಲಿಸಿಬಿಟ್ಟರೆ ಅವರ ಕೆಲಸ ಕಾಣುವುದೆಲ್ಲಿ?

ಲೆಕ್ಕ ಸುಲಭ. ಮೇಲೇರುವಾಗ ಡಕೋಟದ ಎಂಜಿನ್ ನಿಮಿಷಕ್ಕೆ 2700 ಸುತ್ತಿನವರೆಗೆ ಹೋಗುತ್ತದೆ. ಆದರೆ ನಡುವಿನ ಗೇರ್ ವೇಗ ಇಳಿಸುವುದರಿಂದ ಪ್ರೊಪೆಲ್ಲರ್ ಸುತ್ತುವುದು ಸುಮಾರು 1500 ಸಲ, ಅಂದರೆ ಸೆಕೆಂಡಿಗೆ 25. 1/1000ರಲ್ಲಿ ಒಂದು ಅಲಗು ಬರೀ 9 ಡಿಗ್ರಿ ಸರಿಯುತ್ತದೆ, ಕಣ್ಣಿಗೆ ನಿಂತಂತೆಯೇ. 1/125ರಲ್ಲಿ 72 ಡಿಗ್ರಿ. 1/60ಕ್ಕೆ ಇಳಿದರೆ 150 ಡಿಗ್ರಿ. ಮೂರು ಅಲಗುಗಳ ನಡುವಿನ ಅಂತರ 120 ಆದ್ದರಿಂದ ಪೂರ್ತಿ ಚಕ್ರ ಸಿಗುತ್ತದೆ. ಹಾರ್ವರ್ಡ್ ಎಂಬ ಹಳೆಯ ತರಬೇತಿ ವಿಮಾನದಲ್ಲಿ ಇಂಥ ಗೇರ್ ಇಲ್ಲ, ಪ್ರೊಪೆಲ್ಲರ್ 2250 ಸುತ್ತು ಹೊಡೆಯುತ್ತದೆ, ಅಲಗಿನ ತುದಿ ಹೆಚ್ಚುಕಡಿಮೆ ಶಬ್ದದ ವೇಗ ಮುಟ್ಟುತ್ತದೆ. ಆ ಕಿವಿಗಡಚಿಕ್ಕುವ ಕೂಗು ಅಲ್ಲಿಂದಲೇ ಬರುವುದು. ಪೂರ್ತಿ ಚಕ್ರವಲ್ಲದಿದ್ದರೂ ತಿರುಗುವುದು ಕಾಣಲು ಅದಕ್ಕೆ 1/125 ಸಾಕು.

ಇಷ್ಟು ನಿಧಾನದ ಶಟರ್‌ನಲ್ಲಿ ವಿಮಾನದ ಮೈ ಸ್ಪಷ್ಟವಾಗಿ ಬರಬೇಕಾದರೆ ಪ್ಯಾನಿಂಗ್, ಅಂದರೆ ಸಾಗುವ ವಸ್ತುವಿನ ಜೊತೆಗೇ ಕ್ಯಾಮೆರಾ ತಿರುಗಿಸುವುದು, ಕೈಗೆ ಹತ್ತಿರಬೇಕು. ನಮ್ಮ ಬಿ.ಎಂ. ರಸ್ತೆಗಿಂತ ಒಳ್ಳೆಯ ಶಾಲೆ ಬೇಕಿಲ್ಲ. ಸುರಕ್ಷಿತವಾದ ಜಾಗದಲ್ಲಿ ನಿಂತು, ಪಾದ ಕದಲಿಸದೆ ಸೊಂಟ ಮಾತ್ರ ತಿರುಗಿಸಿ, ಸಾಗುವ ಕೆಂಪು ಬಸ್ಸನ್ನು ಹಿಂಬಾಲಿಸಿ. ಬಸ್ಸಿನ ಪಕ್ಕದ ಅಕ್ಷರಗಳು ಓದಲು ಬಂದು, ಹಿಂದಿನ ಅಂಗಡಿಗಳು ಗೆರೆಗೆರೆಯಾಗುವವರೆಗೆ ಬಿಡಬೇಡಿ. ಹಳೆಯ ತರಬೇತಿ ವಿಮಾನ ಟೈಗರ್ ಮಾತ್‌ನ ಗರಿಷ್ಠ ವೇಗವೇ ಗಂಟೆಗೆ 175 ಕಿ.ಮೀ. ಆಸುಪಾಸು, ಗಾಬರಿಪಡುವಂಥದ್ದೇನಲ್ಲ. ಮಿರರ್‌ಲೆಸ್ ಕ್ಯಾಮೆರಾ ಇದ್ದವರು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ; ಇಲ್ಲದಿದ್ದರೆ ಸೆನ್ಸರ್ ಸಾಲುಸಾಲಾಗಿ ಓದುವ ಹೊತ್ತಿಗೆ ಅಲಗುಗಳು ಬಾಗಿ ಮೂಡುತ್ತವೆ.

ನೆಲದ ಮೇಲೆ ನಿಂತ ವಿಮಾನದ ವಿಷಯ ಬೇರೆ. ಅಲ್ಲಿ ಎಲ್ಲವೂ ಬೆಳಕಿನ ಕೈಯಲ್ಲಿದೆ. ಟೈಗರ್ ಮಾತ್‌ನ ರೆಕ್ಕೆ ಮರದ ಚೌಕಟ್ಟಿಗೆ ಬಟ್ಟೆ ಬಿಗಿದದ್ದು. ಒಳಗಿನ ಪಕ್ಕೆಗಳಿಗೆ ಬಟ್ಟೆಯನ್ನು ದಾರದಿಂದ ಹೊಲಿದು, ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿ, ಬಟ್ಟೆಯನ್ನು ಬಿಗಿಗೊಳಿಸುವ ಡೋಪ್ ಎಂಬ ಲೇಪ ಬಳಿದಿರುತ್ತಾರೆ. ನಡುಮಧ್ಯಾಹ್ನ ಇದ್ಯಾವುದೂ ಕಾಣದು, ಬರೀ ಬಣ್ಣದ ಹಲಗೆ. ಬೆಳಗಿನ ಅಡ್ಡ ಬಿಸಿಲಿನಲ್ಲಿ ಪಟ್ಟಿಯ ಅಂಚು, ಅದರಡಿ ಗಂಟಿನ ಪುಟ್ಟ ಉಬ್ಬು, ಪಕ್ಕೆಗಳ ನಡುವೆ ಬಟ್ಟೆ ತುಸು ತಗ್ಗಿರುವುದು ಎಲ್ಲವೂ ಎದ್ದು ಬರುತ್ತವೆ. ಹಳೇಬೀಡಿನ ಗೋಡೆಯ ಆನೆಸಾಲು ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ಲಿಯೂ ಬಿಸಿಲು ಗೋಡೆ ಸವರಿಕೊಂಡು ಹೋಗುವಾಗಲೇ ಕೆತ್ತನೆ ಏಳುವುದು.

ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರನ್ನು ಲೆನ್ಸಿಗೆ ಹಾಕಿದವರು ಕಾಕ್‌ಪಿಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಒಮ್ಮೆ ಪರೀಕ್ಷಿಸಿ. ಅದರಲ್ಲಿ ಕಾಮನಬಿಲ್ಲಿನ ಪಟ್ಟೆಗಳು ಮೂಡಿದರೆ ಫಿಲ್ಟರ್ ತೆಗೆದುಬಿಡಿ. ಹೊಳೆಯುವ ಅಲ್ಯೂಮಿನಿಯಂ ಮೈಯ ಪ್ರತಿಫಲನವನ್ನು ಅದು ಹೇಗೂ ತಡೆಯದು.

ಇನ್ನು ಎಡಿಟಿಂಗ್. ಡಕೋಟ, ಹಾರ್ವರ್ಡ್‌ಗಳಲ್ಲಿರುವ ರೇಡಿಯಲ್ ಎಂಜಿನ್ (ಸಿಲಿಂಡರ್‌ಗಳು ಸುತ್ತಲೂ ಚಕ್ರದಂತೆ ಜೋಡಿಸಿದ್ದು) ಎಣ್ಣೆ ಸೋರಿಸುವುದು ಅದರ ಸ್ವಭಾವ. ಹೊಟ್ಟೆಯಡಿ ಹರಿದ ಎಣ್ಣೆಗೆರೆ, ಹಳೆ ತಗಡಿಗೆ ಹೊಸದು ಕೂಡಿಸಿದ ತೇಪೆ, ಬಣ್ಣ ಹೊಂದದ ರಿವೆಟ್ ಸಾಲು ಇವನ್ನೆಲ್ಲ ಒರೆಸಿ ನುಣುಪು ಮಾಡುವುದನ್ನು ನಾನು ಒಪ್ಪುವುದಿಲ್ಲ. ದುರಸ್ತಿ ನಡೆದದ್ದಕ್ಕೆ ಚಿತ್ರದಲ್ಲಿರುವ ಸಾಕ್ಷಿ ಅವೇ. ಪಕ್ಕದಲ್ಲೇ ನಿಂತ ಮೆಕ್ಯಾನಿಕ್‌ರನ್ನು ಮಾತಾಡಿಸಿ, ಯಾವ ಭಾಗ ಮೂಲದ್ದು, ಯಾವುದು ಹೊಸದಾಗಿ ಮಾಡಿದ್ದು ಎಂದು ಕೇಳಿ, ಆಮೇಲೆ ಲೆನ್ಸನ್ನು ಆ ಜೋಡಣೆಯ ಹತ್ತಿರಕ್ಕೆ ಒಯ್ಯಿರಿ. ಅವರು ಹೇಳಿದ್ದನ್ನು ಚಿತ್ರದ ಅಡಿಬರಹದಲ್ಲಿ ದಾಖಲಿಸಿ.