ಕಂಪನಿ ಅಂದ್ರೆ ನಾನೇ ಅಲ್ವಾ?

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ಕೋರ್ಟಿಗೆ ಅರ್ಜಿ ಬರೆದುಕೊಡುವುದು ಲಂಡನ್ನಿನಲ್ಲಿ ನನ್ನ ಕೆಲಸದ ಒಂದು ಭಾಗ. ವ್ಯಾಪಾರದ ಲೈಸೆನ್ಸ್ ಫೀ ಜಗಳ ಹಿಡಿದು ಬರುವವರ ತಪ್ಪು ಹೆಚ್ಚಾಗಿ ಒಂದೇ. ಫೀ ಕಟ್ಟಿದ್ದು ಕಂಪನಿ, ಇಲ್ಲಿನ ಕೋರ್ಟುಗಳಲ್ಲಿ ಕೊನೇತನಕ ಹೋಗಿ ಸೋತಿದ್ದೂ ಕಂಪನಿ, ಅರ್ಜಿಯಲ್ಲಿ ಮಾತ್ರ ಮಾಲೀಕರ ಹೆಸರು!

"ಮಾನವ ಹಕ್ಕು ಅಂತೀರಿ, ಕಂಪನಿ ಏನು ಮನುಷ್ಯನಾ ಸಾರ್?" ಅನ್ನುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಈ ಕೋರ್ಟು ನೋಡುವ ಯುರೋಪಿಯನ್ ಮಾನವ ಹಕ್ಕುಗಳ ಒಪ್ಪಂದಕ್ಕೆ ಸೇರಿಸಿದ ಮೊದಲ ಪ್ರೋಟೋಕಾಲಿನಲ್ಲಿ, ಆಸ್ತಿ ಹಕ್ಕಿನ ಬಗ್ಗೆ ಇರುವ 1ನೇ ವಿಧಿಯಲ್ಲೇ ಕಂಪನಿಗಳಿಗೂ ಈ ಹಕ್ಕು ಇದೆ ಅಂತ ಬರೆದಿದೆ. ಮಾಲ್ಡೋವಾದ ಮೆಗಾಡಾಟ್ ಡಾಟ್ ಕಾಮ್ ಅನ್ನೋ ಇಂಟರ್ನೆಟ್ ಕಂಪನಿ ಆಫೀಸಿನ ವಿಳಾಸ ಬದಲಾಯಿಸಿ, ಲೈಸೆನ್ಸಿನಲ್ಲಿ ತಿದ್ದಿಸುವುದನ್ನು ಬಿಟ್ಟಿತ್ತು. ಅಷ್ಟಕ್ಕೇ ಲೈಸೆನ್ಸ್ ರದ್ದಾಯಿತು. 2008ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಕಂಪನಿ ಗೆದ್ದಿತು. ಅರ್ಜಿ ಹಾಕಿದ್ದು ಯಾರು? ಕಂಪನಿಯೇ.

ಈಗ 1995ರ ಅಗ್ರೋಟೆಕ್ಸಿಮ್ ಕೇಸು ನೋಡಿ. ಗ್ರೀಸಿನ ಒಂದು ಬಿಯರ್ ಕಂಪನಿಯ ಷೇರುದಾರರು, ಕಂಪನಿಗೆ ಆದ ಅನ್ಯಾಯದಿಂದ ನಮ್ಮ ಷೇರಿನ ಬೆಲೆ ಬಿತ್ತು ಅಂತ ಹೋದರು. ಕೋರ್ಟು ಒಪ್ಪಲಿಲ್ಲ. ಕಂಪನಿ ತಾನೇ ಬರಲಾಗದ ಸ್ಥಿತಿಯಲ್ಲಿದೆ ಅಂತ ಸ್ಪಷ್ಟವಾಗಿ ತೋರಿಸಿದರೆ ಮಾತ್ರ ಬೇರೆ ಮಾತು. ಷೇರೆಲ್ಲ ಒಬ್ಬರದೇ ಆದರೆ ಕೋರ್ಟು ಒಪ್ಪಿದ್ದೂ ಉಂಟು, ಆದರೆ ಅದನ್ನೇ ನಂಬಿಕೊಂಡು ಹೋಗಿ ಅಂತ ನಾನಂತೂ ಹೇಳಲಾರೆ.

ಶಿವಮೊಗ್ಗ ಕಡೆಯವರೊಬ್ಬರು, ಹೋಟೆಲ್ ಇಟ್ಟವರು, ಇದನ್ನೇ ನಂಬಿದ್ದರು. ಫಾರ್ಮಿನಲ್ಲಿ ವ್ಯಕ್ತಿಗೊಂದು ಭಾಗ, ಸಂಸ್ಥೆಗೊಂದು ಭಾಗ ಇದೆ. ಇವರು ವ್ಯಕ್ತಿಯ ಭಾಗದಲ್ಲಿ ತಮ್ಮ ಹೆಸರು, ಹುಟ್ಟಿದ ದಿನ ಎಲ್ಲ ಮುದ್ದಾಗಿ ತುಂಬಿ, ಸಂಸ್ಥೆಯ ಭಾಗ ಖಾಲಿ ಬಿಟ್ಟು, ನನಗೊಂದು ಮಾತೂ ಹೇಳದೆ ಪೋಸ್ಟ್ ಮಾಡಿದ್ದರು. ಷೇರೆಲ್ಲ ನಿಮ್ಮದೇನಾ ಅಂದೆ. "ಹೂಂ ಸಾರ್, ಹತ್ತು ಪರ್ಸೆಂಟ್ ಮನೆಯವಳ ಹೆಸರಲ್ಲಿದೆ, ಅದು ಸುಮ್ನೆ."

ಸುಮ್ನೆ ಅಂತೆ! ಅರ್ಜಿ ತಿರಸ್ಕಾರ ಆಯಿತು, ಅದರ ಮೇಲೆ ಅಪೀಲಿಲ್ಲ. ಕಂಪನಿ ಹೆಸರಲ್ಲಿ ಹೊಸದಾಗಿ ಹಾಕೋಣ ಅಂದರೆ, ಕೊನೆಯ ತೀರ್ಪಿನಿಂದ ಸಿಗುವ ನಾಲ್ಕು ತಿಂಗಳು ಅಷ್ಟರಲ್ಲಿ ಮುಗಿದಿತ್ತು. 2022ರ ಫೆಬ್ರವರಿಗೆ ಮುಂಚೆ ಆರು ತಿಂಗಳಿತ್ತು, ಈಗಿಲ್ಲ.

ಸರಿಯಾದ ಹೆಸರಲ್ಲಿ ಹಾಕಿದರೆ ಗೆಲ್ಲುತ್ತೀರಿ ಅಂತಲೂ ಅಲ್ಲ. ಫೀ ಜಾಸ್ತಿ ಆಯ್ತು ಅನ್ನೋದಷ್ಟೇ ದೂರಾದರೆ ಆಸೆ ಕಡಿಮೆ. ತೆರಿಗೆ, ಫೀ ವಿಷಯದಲ್ಲಿ ಸರ್ಕಾರಗಳಿಗೆ ಕೋರ್ಟು ಹಗ್ಗ ಉದ್ದ ಬಿಡುತ್ತದೆ. ಫೀ ತೆರಿಗೆ ಥರ ಕಂಡರೆ, ಇದೇ ಕೋರ್ಟಿನ 2001ರ ಫೆರಾಜಿನಿ ತೀರ್ಪಿನ ಪ್ರಕಾರ, ನ್ಯಾಯಯುತ ವಿಚಾರಣೆ ಸಿಗಲಿಲ್ಲ ಅನ್ನೋ ವಾದಕ್ಕೂ ಕಷ್ಟ.

ಮೊನ್ನೆ ಅದೇ ಹೋಟೆಲಿನವರು ಮುಂದಿನ ವರ್ಷದ ಫೀ ನೋಟಿಸ್ ಹಿಡಿದು ಮತ್ತೆ ಬಂದರು, ಟಿಫನ್ ಬ್ಯಾಗಿನಲ್ಲಿ ಕಂಪನಿಯ ಸೀಲನ್ನೂ ಇಂಕ್ ಪ್ಯಾಡನ್ನೂ ಇಟ್ಟುಕೊಂಡು. ಸೀಲ್ ಬೇಡ ಮಾರಾಯ್ರೇ, ಕಂಪನಿ ಪರವಾಗಿ ಸಹಿ ಹಾಕೋ ಅಧಿಕಾರ ನಿಮಗಿದೆ ಅನ್ನೋ ಕಾಗದ ತನ್ನಿ, ಅದೂ ಇಲ್ಲಿನ ಕೋರ್ಟುಗಳೆಲ್ಲ ಮುಗಿದ ಮೇಲೆ, ಅಂದೆ.